ಮಗುವನ್ನು ಪ್ರವೇಶ ಪರೀಕ್ಷೆಗೆ ಅಣಿಗೊಳಿಸುವುದು ಯಾವಾಗ?

ಕಳೆದ ಬಸವ ಜಯಂತಿಯ ಮರುದಿನ ಮುಂಜಾನೆ, ನಾನು ಪೂಜೆ ಮುಗಿಸಿ ಪಡಸಾಲೆಗೆ ಬರುವಷ್ಟರಲ್ಲಿ ಪಕ್ಕದ ಊರಿನ ರೈತರೊಬ್ಬರು ಮಗನನ್ನು ಕರೆದುಕೊಂಡು ಬಂದು ಕುಳಿತಿದ್ದರು. 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತನಾದವನ ಮನೆಗೆ ಬೇಸಿಗೆಯಲ್ಲಿ ಇಂಥ ಅತಿಥಿಗಳು ಬರುವುದು ಹೊಸದಲ್ಲ. ಹುಡುಗನು ಎರಡನೆಯ ತರಗತಿ ಮುಗಿಸಿದ್ದನು. ಹಲ್ಲು ಬಿದ್ದ ಬಾಯಲ್ಲಿ ಪೆಪ್ಪರಮಿಂಟು ಚೀಪುತ್ತ ನಮ್ಮ ಮನೆಯ ಬೆಕ್ಕಿನ ಬಾಲದ ಕಡೆಗೆ ನೋಡುತ್ತಿದ್ದನು.

"ಸರ್, ಇವನ್ನ ನವೋದಯಕ್ಕ ಹಾಕಬೇಕಂತ ಮಾಡೇವ್ರಿ. ಈಗಿಂದನ ಕೋಚಿಂಗಿಗೆ ಬಿಟ್ರ ಹೆಂಗ್ರಿ?" ಎಂದು ತಂದೆ ಕೇಳಿದರು.

ವರ್ಷಕ್ಕೆ ಎಷ್ಟು ಹಣವಾಗುತ್ತದೆ, ಯಾವ ಊರಿನ ಕೋಚಿಂಗು, ಅಲ್ಲಿ ಊಟ ಹೇಗಿದೆ ಎಂಬುದನ್ನೆಲ್ಲ ಅವರು ವಿಚಾರಿಸಿಕೊಂಡು ಬಂದಿದ್ದರು. ಎರಡು ಎಕರೆ ಒಣಭೂಮಿಯ ಆ ಮನುಷ್ಯನ ಮುಖದಲ್ಲಿದ್ದುದು ದುರಾಸೆಯಲ್ಲ, ತನ್ನ ಬಾಳು ಮಗನಿಗೆ ಬರಬಾರದೆಂಬ ಭಯ. ಆದ್ದರಿಂದಲೇ ಇಂಥವರಿಗೆ ಉತ್ತರ ಹೇಳುವುದು ಕಠಿಣ. ಕೊಡುವ ಸಲಹೆ ತಪ್ಪಿದರೆ ಹಣ ಹೋದರೆ ಹೋಗಲಿ, ಮಗುವಿನ ಮೂರು ವರ್ಷ ಹೋಗುತ್ತವೆ.

ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ವಿಜಯಪುರದ ಸೈನಿಕ ಶಾಲೆಯು 1963ರಲ್ಲಿ ಪ್ರಾರಂಭವಾಯಿತು. ಬೆಳಗಾವಿಯ ರಾಷ್ಟ್ರೀಯ ಮಿಲಿಟರಿ ಶಾಲೆ ಅದಕ್ಕಿಂತಲೂ ಹಳೆಯದು. ಹೆಣ್ಣುಮಕ್ಕಳಿಗಾಗಿ ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನ ವಸತಿ ಸೈನಿಕ ಶಾಲೆಯಿದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗೊಂದರಂತೆ ಜವಾಹರ ನವೋದಯ ವಿದ್ಯಾಲಯಗಳು ಬಂದವು. ರಾಜ್ಯ ಸರಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಆದರ್ಶ ವಿದ್ಯಾಲಯಗಳು ಇನ್ನೂ ಬೇರೆ. ಇವೆಲ್ಲಕ್ಕೂ ಬಾಗಿಲು ಒಂದೇ ಕಡೆ, ಆರನೆಯ ತರಗತಿಯಲ್ಲಿ. ಐದನೆಯ ತರಗತಿಯ ಮಗು ಪರೀಕ್ಷೆ ಬರೆಯಬೇಕು. ನಮ್ಮ ಹಿರಿಯರ ಕಾಲದಲ್ಲಿ ಮಠದ ಪ್ರಸಾದ ನಿಲಯ ಸೇರಲು ಪರೀಕ್ಷೆ ಇರಲಿಲ್ಲ, ಹಸಿವು ಮತ್ತು ಓದುವ ಹಂಬಲ ಇದ್ದರೆ ಸಾಕಿತ್ತು ಎಂಬುದು ಈ ಸಂದರ್ಭದಲ್ಲಿ ನೆನಪಾಗುತ್ತದೆ.

ಇನ್ನು ಎಲ್‌ಕೆಜಿಗೆ ಸೇರಿಸುವಾಗಲೇ ಕೂಸಿಗೆ ಸಂದರ್ಶನ ಮಾಡುವ ಶಾಲೆಗಳ ವಿಷಯ. ಇದರ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಪ್ರವೇಶದ ಸಮಯದಲ್ಲಿ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷೆಗೆ ಒಳಪಡಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯ 13ನೆಯ ಕಲಮು ನಿಷೇಧಿಸಿದೆ. ಮೊದಲ ತಪ್ಪಿಗೆ 25,000 ರೂಪಾಯಿಯವರೆಗೂ, ಅನಂತರದ ಪ್ರತಿ ತಪ್ಪಿಗೆ 50,000 ರೂಪಾಯಿಯವರೆಗೂ ದಂಡವಿದೆ. ಮೂರು ವರ್ಷದ ಕೂಸಿಗೆ ಸಂದರ್ಶನದ ಉತ್ತರ ಬಾಯಿಪಾಠ ಮಾಡಿಸುವ ತಾಯಂದಿರು ಆ ಹೊತ್ತಿನಲ್ಲಿ ಅದಕ್ಕೊಂದು ಕಥೆ ಹೇಳಬಹುದು.

ಐದನೆಯ ತರಗತಿಯ ಪರೀಕ್ಷೆಗೆ ಬರೋಣ. ಮಗುವನ್ನು ಎಂದಿನಿಂದ ಅಣಿಗೊಳಿಸಬೇಕೆಂದು ಕೇಳುವವರಲ್ಲಿ ಹೆಚ್ಚಿನವರು ಆ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಕಣ್ಣಾರೆ ನೋಡಿರುವುದಿಲ್ಲ. ಮೊದಲು ಅದನ್ನು ನೋಡಬೇಕು. ನವೋದಯದ ಪತ್ರಿಕೆಯಲ್ಲಿ 80 ಪ್ರಶ್ನೆಗಳು, 100 ಅಂಕಗಳು, ಎರಡು ತಾಸು ಸಮಯ. ಇದರಲ್ಲಿ 40 ಪ್ರಶ್ನೆಗಳು, ಎಂದರೆ ಸರಿಯಾಗಿ ಅರ್ಧ, ಮಾನಸಿಕ ಸಾಮರ್ಥ್ಯಕ್ಕೆ ಸಂಬಂಧಿಸಿದವು. ಅವುಗಳಲ್ಲಿ ಅಕ್ಷರವೇ ಇಲ್ಲ, ಬರಿಯ ಚಿತ್ರಗಳು. ನಾಲ್ಕು ಚಿತ್ರಗಳಲ್ಲಿ ಗುಂಪಿಗೆ ಸೇರದ್ದು ಯಾವುದು? ಕನ್ನಡಿಯಲ್ಲಿ ಈ ಆಕೃತಿ ಹೇಗೆ ಕಾಣುತ್ತದೆ? ಕಾಗದವನ್ನು ಮಡಿಸಿ ತೂತು ಮಾಡಿ ಬಿಚ್ಚಿದರೆ ತೂತುಗಳು ಎಲ್ಲೆಲ್ಲಿ ಇರುತ್ತವೆ? ದೊಡ್ಡ ಆಕೃತಿಯೊಳಗೆ ಈ ಸಣ್ಣ ಆಕೃತಿ ಎಲ್ಲಿ ಅಡಗಿದೆ? ಉಳಿದ 40ರಲ್ಲಿ 20 ಲೆಕ್ಕಗಳು. ಇನ್ನುಳಿದ 20 ಭಾಷೆಯವು, ನಾಲ್ಕು ಗದ್ಯಭಾಗಗಳನ್ನು ಓದಿ ಒಂದೊಂದಕ್ಕೆ ಐದು ಪ್ರಶ್ನೆಗಳಂತೆ ಉತ್ತರಿಸಬೇಕು. ಇವೆಲ್ಲವನ್ನೂ ಕನ್ನಡದಲ್ಲಿಯೇ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಸೈನಿಕ ಶಾಲೆಯ ಪತ್ರಿಕೆ ಇದಕ್ಕಿಂತ ಭಾರವಾದದ್ದು. 125 ಪ್ರಶ್ನೆ, 300 ಅಂಕ, ಎರಡೂವರೆ ತಾಸು. ಅದರಲ್ಲಿ ಅರ್ಧದಷ್ಟು, ಎಂದರೆ 150 ಅಂಕಗಳು ಗಣಿತಕ್ಕೇ ಮೀಸಲು. ಉಳಿದವು ಸಾಮಾನ್ಯ ಜ್ಞಾನ, ಭಾಷೆ, ಬುದ್ಧಿಮತ್ತೆಗಳಿಗೆ ಹಂಚಿಕೆಯಾಗಿವೆ. ಆರನೆಯ ತರಗತಿಯ ಪ್ರವೇಶಕ್ಕೆ ಇದನ್ನೂ ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಆದರೆ ಒಳಗೆ ಹೋದ ಮೇಲೆ ಪಾಠಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ ಎಂಬುದನ್ನು ಮರೆಯಬಾರದು. 2021ರಿಂದ ಹೆಣ್ಣುಮಕ್ಕಳಿಗೂ ಸೈನಿಕ ಶಾಲೆಗಳ ಬಾಗಿಲು ತೆರೆದಿದೆ.

ಈಗ ವಾಚಕರು ವಿಚಾರ ಮಾಡಬೇಕು. ನವೋದಯದ ನೂರು ಅಂಕಗಳಲ್ಲಿ ಎಪ್ಪತ್ತೈದು ಅಂಕಗಳು ಕಣ್ಣಿನ ಚುರುಕಿಗೆ ಮತ್ತು ಓದಿ ತಿಳಿಯುವ ಶಕ್ತಿಗೆ ಸಲ್ಲುತ್ತವೆ. ಇವೆರಡನ್ನು ಗೈಡು ಪುಸ್ತಕದಿಂದ ತುಂಬಲಾಗದು. ಅಂಗಳದಲ್ಲಿ ರಂಗೋಲಿಯ ಚುಕ್ಕೆ ಎಣಿಸಿ ಎಳೆ ಎಳೆದವಳಿಗೆ, ಗಾಳಿಪಟಕ್ಕೆ ಕಾಗದ ಮಡಿಸಿ ಕತ್ತರಿಸಿದವನಿಗೆ, ಚೌಕಾಬಾರ ಆಡಿದವರಿಗೆ ಮೊದಲನೆಯದು ಅರ್ಧ ಬಂದೇ ಇರುತ್ತದೆ. ಎರಡನೆಯದಕ್ಕೆ ಕನ್ನಡ ಪುಸ್ತಕಗಳು ಬೇಕು. ಸಿಸು ಸಂಗಮೇಶ, ಕಂಚ್ಯಾಣಿ ಶರಣಪ್ಪ ಇವರು ವಿಜಯಪುರದ ನೆಲದಲ್ಲಿಯೇ ಇದ್ದು ಮಕ್ಕಳಿಗಾಗಿ ಬರೆದವರು. ಅವರ ಪುಸ್ತಕ ಎಷ್ಟು ಮನೆಗಳಲ್ಲಿವೆ? ಮುನ್ನೂರು ರೂಪಾಯಿಯ ಗೈಡು ಮಾತ್ರ ಎಲ್ಲರ ಮನೆಯಲ್ಲಿದೆ.

ನನ್ನ ಕೈಯಿಂದ ಆದ ತಪ್ಪೊಂದನ್ನು ಇಲ್ಲಿ ಹೇಳಲೇಬೇಕು. ನನ್ನ ಮಗ 1998ರಲ್ಲಿ ನವೋದಯದ ಪರೀಕ್ಷೆ ಬರೆದನು. ಮೂರನೆಯ ತರಗತಿಗೆ ಕಾಲಿಟ್ಟ ದಿನದಿಂದ ನಾನೇ ಅವನಿಗೆ ತಯಾರಿ ಮಾಡಿಸಿದೆ. ಬೆಳಗಿನ ಐದಕ್ಕೆ ಎಬ್ಬಿಸುತ್ತಿದ್ದೆ. ತಪ್ಪಿದರೆ ಕಿವಿ ಹಿಂಡುತ್ತಿದ್ದೆ. ಮಾಸ್ತರನ ಮಗನಾಗಿ ಆಯ್ಕೆಯಾಗದಿದ್ದರೆ ಊರವರು ಏನೆಂದಾರು ಎಂಬ ಚಿಂತೆ ನನ್ನದಾಗಿತ್ತು, ಅವನದಾಗಿರಲಿಲ್ಲ. ಮೊದಲ ವರ್ಷ ಉತ್ಸಾಹದಿಂದ ಮಾಡಿದನು. ಎರಡನೆಯ ವರ್ಷಕ್ಕೆ ಪ್ರಶ್ನೆ ಓದುವುದಕ್ಕೆ ಮೊದಲೇ ಉತ್ತರಕ್ಕೆ ಕೈ ಹಾಕುವ ಚಾಳಿ ಬಿತ್ತು. ನೋಡಿದಂತೆಯೇ ಕಾಣುವ ಪ್ರಶ್ನೆಗೆ ಹಳೆಯ ಉತ್ತರವನ್ನೇ ಗುರುತು ಮಾಡುತ್ತಿದ್ದನು. ಮೂರನೆಯ ವರ್ಷ ಪರೀಕ್ಷೆಯ ಮಾತೆತ್ತಿದರೆ ಹೊಟ್ಟೆನೋವು ಎನ್ನತೊಡಗಿದನು. ನಾನು ಅದನ್ನು ನೆಪವೆಂದು ಬೈದೆ. ಆಯ್ಕೆಯ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ. ಅದಕ್ಕಿಂತ ದೊಡ್ಡ ಹಾನಿ ನನಗೆ ತಡವಾಗಿ ತಿಳಿಯಿತು. ಎರಡನೆಯ ತರಗತಿಯಲ್ಲಿ ಚಂದಮಾಮ ಬರುವ ದಿನ ಅಂಚೆಯಣ್ಣನ ದಾರಿ ಕಾಯುತ್ತಿದ್ದ ಹುಡುಗ, ಆಮೇಲೆ ಪಠ್ಯದ ಹೊರತು ಒಂದು ಪುಸ್ತಕವನ್ನೂ ತಾನಾಗಿ ಕೈಗೆತ್ತಿಕೊಳ್ಳಲಿಲ್ಲ. ಇಂದು ಅವನು ಪಂಪುಸೆಟ್ಟಿನ ಅಂಗಡಿ ನಡೆಸುತ್ತಾನೆ, ನಾಲ್ಕು ಜನರಿಗೆ ಕೆಲಸ ಕೊಟ್ಟಿದ್ದಾನೆ, ಸುಖವಾಗಿದ್ದಾನೆ. ಆದರೆ ಹೋದ ವರ್ಷ ತನ್ನ ಮಗಳು ಮೂರನೆಯ ತರಗತಿಗೆ ಬಂದಾಗ ನನ್ನೆದುರು ನಿಂತು ಹೇಳಿದ ಮಾತು ಇದು: "ಅಪ್ಪಾ, ಆಕಿಗೆ ಮಾತ್ರ ನೀವು ಕಲಸಬ್ಯಾಡ್ರಿ."

ಇಷ್ಟು ವರ್ಷಗಳಲ್ಲಿ ಅವನು ಆ ವಿಷಯ ಎತ್ತಿದ್ದು ಅದೊಂದೇ ಸಲ. ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಆಗ ನಾನು ಮನೆಯಲ್ಲಿ ಮಾಡಿದ್ದನ್ನು ಈಗ ಅನೇಕ ಊರುಗಳಲ್ಲಿ ವಸತಿ ಸಹಿತ ಕೋಚಿಂಗ್ ಕೇಂದ್ರಗಳು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿವೆ. ಒಳ್ಳೆಯ ಗುರುಗಳಿರುವ ಕೇಂದ್ರಗಳಿಲ್ಲವೆಂದಲ್ಲ. ಆದರೆ ಎಂಟು ವರ್ಷದ ಮಗು ತಾಯಿಯನ್ನು ಬಿಟ್ಟು, ಸಾಲಾಗಿ ಟ್ರಂಕು ಜೋಡಿಸಿದ ಕೋಣೆಯಲ್ಲಿ ಮಲಗಿ, ಬೆಳಗಿನಿಂದ ರಾತ್ರಿಯವರೆಗೆ ಬಹು ಆಯ್ಕೆಯ ಪ್ರಶ್ನೆಗಳನ್ನೇ ಬಿಡಿಸುವುದರಿಂದ ಕಲಿಯುವುದೇನು? ಅಂಥ ಕಡೆ ಎರಡು ವರ್ಷ ಇದ್ದು ಬಂದ ಹುಡುಗಿಯೊಬ್ಬಳಿಗೆ ಭಿನ್ನರಾಶಿಗಳ ಸಂಕಲನ ಕೊಟ್ಟೆ. ಲಘುತಮ ಸಾಮಾನ್ಯ ಅಪವರ್ತ್ಯ ತೆಗೆದು ಕ್ಷಣಾರ್ಧದಲ್ಲಿ ಬಿಡಿಸಿದಳು. ಬಳಿಕ "ರೊಟ್ಟಿಯ ಮೂರರಲ್ಲಿ ಒಂದು ಪಾಲು ದೊಡ್ಡದೋ, ನಾಲ್ಕರಲ್ಲಿ ಒಂದು ಪಾಲು ದೊಡ್ಡದೋ?" ಎಂದು ಕೇಳಿದೆ. ನಾಲ್ಕು ದೊಡ್ಡದಲ್ಲವೇ, ಆದ್ದರಿಂದ ನಾಲ್ಕರಲ್ಲಿ ಒಂದು ಎಂದಳು. ಇನ್ನೊಬ್ಬ ಹುಡುಗ ಗದ್ಯಭಾಗವನ್ನು ಓದುತ್ತಲೇ ಇರಲಿಲ್ಲ. ಪ್ರಶ್ನೆಯಲ್ಲಿರುವ ಶಬ್ದ ಗದ್ಯದಲ್ಲಿ ಎಲ್ಲಿದೆಯೋ ಹುಡುಕಿ, ಅದರ ಪಕ್ಕದ ಮಾತನ್ನೇ ಉತ್ತರವೆಂದು ಗುರುತು ಮಾಡುವ ಉಪಾಯವನ್ನು ಅವನಿಗೆ ಕಲಿಸಿದ್ದರು. ಹತ್ತರಲ್ಲಿ ಆರು ಸರಿಯಾಗುತ್ತಿದ್ದವು. ಆ ಕಥೆಯಲ್ಲಿ ಏನಾಯಿತೆಂದು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ.

ಕೇಂದ್ರ ಶಿಕ್ಷಣ ಮಂತ್ರಾಲಯವು 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 16 ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದು ಹೇಳಿದೆ. ಅದು ಬಹುಮಟ್ಟಿಗೆ ದೊಡ್ಡ ಹುಡುಗರ ಎಂಜಿನಿಯರಿಂಗ್, ವೈದ್ಯಕೀಯ ಕೋಚಿಂಗುಗಳನ್ನು ಕಣ್ಣ ಮುಂದಿಟ್ಟುಕೊಂಡು ಬಂದದ್ದು. ಎಂಟು ವರ್ಷದವರ ಸಂಗತಿ ಅದಕ್ಕಿಂತಲೂ ಸೂಕ್ಷ್ಮವಾದದ್ದೆಂದು ಬೇರೆ ಹೇಳಬೇಕೆ?

ಕೋಚಿಂಗಿಗಾಗಿ ಮಗುವನ್ನು ಪಟ್ಟಣಕ್ಕೆ ಒಯ್ಯುವವರು ಒಂದು ನಿಯಮವನ್ನು ಅವಶ್ಯವಾಗಿ ಓದಬೇಕು. ನವೋದಯದ ಸೀಟುಗಳಲ್ಲಿ ಕನಿಷ್ಠ ನೂರಕ್ಕೆ ಎಪ್ಪತ್ತೈದರಷ್ಟು ಗ್ರಾಮೀಣ ಮಕ್ಕಳಿಗೆ ಮೀಸಲಾಗಿವೆ. ಆ ಮೀಸಲಾತಿ ಸಿಗಬೇಕಾದರೆ ಮೂರು, ನಾಲ್ಕು, ಐದನೆಯ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಮಾನ್ಯತೆ ಪಡೆದ ಶಾಲೆಯಲ್ಲಿ ಓದಿರಬೇಕು. ಆ ಮೂರು ವರ್ಷಗಳಲ್ಲಿ ಒಂದು ದಿನ ಪಟ್ಟಣದ ಶಾಲೆಯಲ್ಲಿ ಹೆಸರಿದ್ದರೂ ಮಗು ನಗರದ ಅಭ್ಯರ್ಥಿಯೆನಿಸುತ್ತದೆ. ಅಲ್ಲದೆ ಯಾವ ಜಿಲ್ಲೆಯ ನವೋದಯಕ್ಕೆ ಅರ್ಜಿ ಹಾಕುವುದೋ ಆ ಜಿಲ್ಲೆಯಲ್ಲಿಯೇ ಐದನೆಯ ತರಗತಿ ಓದುತ್ತಿರಬೇಕು. ಮಗನಿಗೆ ಅನುಕೂಲವಾಗಲೆಂದು ಊರು ಬಿಟ್ಟು ಪಟ್ಟಣದ ಶಾಲೆಗೆ ಹಚ್ಚಿ, ಅವನಿಗಿದ್ದ ದೊಡ್ಡ ಅನುಕೂಲವನ್ನೇ ಕಳೆದ ತಂದೆಯರನ್ನು ನಾನು ಕಂಡಿದ್ದೇನೆ. ಒಂದು ವಿದ್ಯಾಲಯಕ್ಕೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು, ಬರುವ ಅರ್ಜಿಗಳು ಸಾವಿರಗಳಲ್ಲಿ. ಅಲ್ಲಿ ಇದು ಸಣ್ಣ ಮಾತಲ್ಲ.

ವಯಸ್ಸಿನ ಲೆಕ್ಕವೂ ಹೀಗೆಯೇ. ಸೈನಿಕ ಶಾಲೆಯ ಆರನೆಯ ತರಗತಿಗೆ ಸೇರುವ ವರ್ಷದ ಮಾರ್ಚ್ 31ಕ್ಕೆ ಮಗುವಿಗೆ ಹತ್ತು ತುಂಬಿರಬೇಕು, ಹನ್ನೆರಡು ಮೀರಿರಬಾರದು. ಐದು ತುಂಬುತ್ತಲೇ ಒಂದನೆಯ ತರಗತಿಗೆ ಕೂಡ್ರಿಸಿದ ಮಗುವಿಗೆ ಐದನೆಯ ತರಗತಿಯ ಕೊನೆಗೆ ಹತ್ತು ತುಂಬದೆ ಅರ್ಜಿಯೇ ತಿರಸ್ಕೃತವಾಗಬಹುದು. ಅವಸರ ಮಾಡಿದವರಿಗೆ ಸರಕಾರಿ ನಿಯಮವೇ ಪಾಠ ಕಲಿಸುವ ಪ್ರಸಂಗಗಳಲ್ಲಿ ಇದೊಂದು.

ಹಾಗಾದರೆ ಯಾವಾಗ? ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಮೂರನೆಯ ತರಗತಿ ಮುಗಿಯುವವರೆಗೆ ಪರೀಕ್ಷೆಯ ಹೆಸರನ್ನೇ ಮಗುವಿನ ಮುಂದೆ ಎತ್ತಬಾರದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಅಡಿಪಾಯದ ಹಂತವೆಂದು ಕರೆದಿರುವುದು ಸರಿಯಾಗಿಯೇ ಇದೆ. ಆ ಹಂತದಲ್ಲಿ ಮಗು ಕನ್ನಡವನ್ನು ತಡವರಿಸದೆ ಓದಲಿ, ಇಪ್ಪತ್ತರವರೆಗೆ ಮಗ್ಗಿ ಹೇಳಲಿ, ಸಂತೆಯಲ್ಲಿ ನೂರರ ನೋಟು ಕೊಟ್ಟು ಚಿಲ್ಲರೆ ಎಣಿಸಿಕೊಂಡು ಬರಲಿ. ನಾಲ್ಕನೆಯ ತರಗತಿಯಲ್ಲಿ ಇದನ್ನೇ ಮುಂದುವರಿಸಿ, ದಸರೆಯ ಅನಂತರ ಹಳೆಯ ಪ್ರಶ್ನೆಪತ್ರಿಕೆಯಿಂದ ವಾರಕ್ಕೆ ನಾಲ್ಕೈದು ಚಿತ್ರಗಳನ್ನು ಒಗಟಿನಂತೆ ಕೊಡಬಹುದು. ನಿಜವಾದ ತಯಾರಿ ಐದನೆಯ ತರಗತಿಯ ಜೂನ್ ತಿಂಗಳಿನಿಂದ. ದಿನಕ್ಕೆ ಮುಕ್ಕಾಲು ತಾಸು ಸಾಕು, ರವಿವಾರ ರಜೆ. ಸಮಯ ಹಿಡಿದು ಪೂರ್ತಿ ಪತ್ರಿಕೆ ಬರೆಯುವುದು, ಉತ್ತರ ಹಾಳೆಯ ವೃತ್ತಗಳನ್ನು ತುಂಬುವುದು ಇವುಗಳನ್ನು ಕೊನೆಯ ಎರಡು ತಿಂಗಳಲ್ಲಿ ಅಭ್ಯಾಸ ಮಾಡಿಸಿದರೆ ಆಯಿತು. ಸೈನಿಕ ಶಾಲೆಯ ಗಣಿತಕ್ಕೆ ಇನ್ನೊಂದೆರಡು ತಿಂಗಳು ಮೊದಲು, ಎಂದರೆ ನಾಲ್ಕನೆಯ ತರಗತಿಯ ಬೇಸಿಗೆ ರಜೆಯಲ್ಲಿ ಪ್ರಾರಂಭಿಸುವುದು ಒಳಿತು. ಪರೀಕ್ಷೆಯ ದಿನ ಪ್ರತಿ ವರ್ಷ ಒಂದೇ ಇರುವುದಿಲ್ಲ. ನಮ್ಮ ರಾಜ್ಯದ ನವೋದಯ ಪರೀಕ್ಷೆ 2025ರಲ್ಲಿ ಜನವರಿ 18ಕ್ಕೆ ನಡೆದಿತ್ತು, ಮುಂದಿನ ಸಾಲಿನದು ಅದೇ 2025ರ ಡಿಸೆಂಬರ್ 13ಕ್ಕೆ ಬಂತು. ಆದ್ದರಿಂದ ಪ್ರಕಟಣೆಯನ್ನು ನೋಡಿ ತಿಂಗಳುಗಳನ್ನು ಎಣಿಸಬೇಕು.

ಇದು ಎಲ್ಲ ಮಕ್ಕಳಿಗೂ ಒಂದೇ ಅಳತೆಯಲ್ಲ. ಮಗು ಸಿದ್ಧವಾಗಿದೆಯೋ ಇಲ್ಲವೋ ಎಂದು ತಿಳಿಯಲು ನಾನು ನೋಡುವುದು ಅಂಕಗಳನ್ನಲ್ಲ. ಓದಿದ ಪುಟದಲ್ಲಿ ತಿಳಿಯದ ಮಾತು ಬಂದರೆ ನಿಂತು ಕೇಳುತ್ತದೆಯೇ? ಬಿಡಿಸಲಾರದ ಒಗಟನ್ನು ಮರುದಿನ ತಾನಾಗಿ ಮತ್ತೆ ಕೈಗೆತ್ತಿಕೊಳ್ಳುತ್ತದೆಯೇ? ತಪ್ಪು ಮಾಡಿದಾಗ ಮೊದಲು ನೋಡುವುದು ಹಾಳೆಯನ್ನೋ, ತಂದೆಯ ಮುಖವನ್ನೋ? ಮುಖವನ್ನು ನೋಡುವ ಮಗುವಿಗೆ ಇನ್ನೂ ಆರು ತಿಂಗಳು ಬಿಡಬೇಕು. ಬಹುಶಃ ತಂದೆಯೂ ಆರು ತಿಂಗಳು ತನ್ನ ಮುಖವನ್ನು ತಿದ್ದಿಕೊಳ್ಳಬೇಕು.

ಮತ್ತೊಂದು ತಯಾರಿಯನ್ನು ಯಾವ ಕೇಂದ್ರವೂ ಮಾಡಿಸುವುದಿಲ್ಲ. ಆಯ್ಕೆಯಾದ ಮಗು ಹತ್ತನೆಯ ವಯಸ್ಸಿಗೆ ಮನೆ ಬಿಡುತ್ತದೆ. ತಾನೇ ಎಣ್ಣೆ ಹಚ್ಚಿ ತಲೆ ಬಾಚಿಕೊಳ್ಳಬೇಕು, ಬಟ್ಟೆ ಒಗೆದುಕೊಳ್ಳಬೇಕು, ಸೇರದ ಪಲ್ಯವನ್ನು ಉಣ್ಣಬೇಕು, ಜ್ವರ ಬಂದರೆ ಬೇರೆಯವರಿಗೆ ಹೇಳಬೇಕು. ಸೀಟು ಸಿಕ್ಕು, ಎರಡೇ ತಿಂಗಳಲ್ಲಿ ಅತ್ತು ಮರಳಿ ಬಂದ ಮಕ್ಕಳು ನಮ್ಮ ಶಾಲೆಯಲ್ಲಿಯೇ ಇದ್ದರು. ಅವರಲ್ಲಿ ಬುದ್ಧಿಗೆ ಕೊರತೆ ಇರಲಿಲ್ಲ, ಅಜ್ಜಿಯ ಮಗ್ಗುಲು ಬಿಟ್ಟು ಮಲಗಿ ರೂಢಿ ಇರಲಿಲ್ಲ ಅಷ್ಟೆ. ನಾಲ್ಕನೆಯ ತರಗತಿಯ ರಜೆಯಲ್ಲಿ ಮಗುವನ್ನು ಎಂಟು ದಿನ ಸೋದರಮಾವನ ಮನೆಗೋ ಚಿಕ್ಕಮ್ಮನ ಮನೆಗೋ ಒಂಟಿಯಾಗಿ ಕಳಿಸಿ ನೋಡಬೇಕು. ದಿನಕ್ಕೆ ನಾಲ್ಕು ಸಲ ಫೋನು ಮಾಡುವವಳು ಮಗಳೋ ತಾಯಿಯೋ ಎಂಬುದೂ ಆಗ ತಿಳಿಯುತ್ತದೆ. ನವೋದಯದಲ್ಲಿ ಒಂಬತ್ತನೆಯ ತರಗತಿಗೆ ಬಂದಾಗ ನೂರಕ್ಕೆ ಮೂವತ್ತರಷ್ಟು ಮಕ್ಕಳನ್ನು ಒಂದು ವರ್ಷ ಹಿಂದಿ ನಾಡಿನ ವಿದ್ಯಾಲಯಕ್ಕೆ ಕಳಿಸುವ ಪದ್ಧತಿಯಿದೆ ಎಂಬುದನ್ನು ಸಹ ಅರ್ಜಿ ಹಾಕುವ ಮೊದಲೇ ತಿಳಿದಿರುವುದು ಒಳ್ಳೆಯದು.

ನವೋದಯದ ಆರನೆಯ ತರಗತಿಯ ಪರೀಕ್ಷೆಗೆ ಎರಡನೆಯ ಸಲ ಕೂಡ್ರಲು ಬರುವುದಿಲ್ಲ. ಈ ಮಾತೇ ತಂದೆತಾಯಿಗಳನ್ನು ಕಂಗೆಡಿಸುವುದು. ಆದರೆ ತೆರವಾದ ಸ್ಥಾನಗಳಿಗೆ ಒಂಬತ್ತನೆಯ ತರಗತಿಯಲ್ಲಿ ಇನ್ನೊಂದು ಪರೀಕ್ಷೆ ಇದೆ. ಸೈನಿಕ ಶಾಲೆಗೂ ಒಂಬತ್ತಕ್ಕೆ ಪ್ರವೇಶವಿದೆ. ಹದಿಮೂರು ವರ್ಷದ ಮಗು ತನಗೆ ಬೇಕೋ ಬೇಡವೋ ಎಂದು ತಾನೇ ಹೇಳಬಲ್ಲದು. ಆಯ್ಕೆಯಾಗದಿದ್ದರೆ ನಮ್ಮೂರ ಶಾಲೆಯೇ ಇದೆ, ನಿನ್ನ ಗೆಳತಿಯರೂ ಇರುತ್ತಾರೆ ಎಂಬ ಮಾತನ್ನು ಫಲಿತಾಂಶ ಬಂದ ಮೇಲೆ ಸಮಾಧಾನಕ್ಕಾಗಿ ಹೇಳಬಾರದು, ಅರ್ಜಿ ತುಂಬುವ ದಿನವೇ ಹೇಳಬೇಕು. 1998ರಲ್ಲಿ ನಾನು ಅದನ್ನು ಮಗನಿಗೆ ಹೇಳಲಿಲ್ಲ.

ಬಸವ ಜಯಂತಿಯ ಮರುದಿನ ಬಂದ ರೈತರಿಗೆ ನಾನು ಇಷ್ಟು ಉದ್ದ ಹೇಳಲಿಲ್ಲ. "ಎರಡು ವರ್ಷ ಮನ್ಯಾಗ ಇಟಗೋರಿ, ನಿಮ್ಮೂರ ಸಾಲಿ ಬಿಡಸಬ್ಯಾಡ್ರಿ, ಐದನೇತ್ತಾಕ್ಕ ಬಂದಾಗ ಕರಕೊಂಡು ಬರ್ರಿ, ನಾನು ನೋಡತೀನಿ" ಎಂದೆ. ಹುಡುಗನಿಗೆ ಒಂದು ಕಥೆಪುಸ್ತಕ ಕೊಟ್ಟೆ. ತಂದೆಯ ಮುಖದಲ್ಲಿ ಅರ್ಧ ಸಮಾಧಾನ, ಅರ್ಧ ಸಂಶಯ. ಅವರು ನನ್ನ ಮಾತು ಕೇಳಿದರೋ, ಪಟ್ಟಣದ ಬಸ್ಸು ಹತ್ತಿದರೋ ನನಗೆ ತಿಳಿದಿಲ್ಲ.

ಮೊಮ್ಮಗಳು ಈಗ ನಾಲ್ಕನೆಯ ತರಗತಿಯಲ್ಲಿದ್ದಾಳೆ. ಗೆಳತಿಯ ಅಕ್ಕ ಕಿತ್ತೂರಿನಲ್ಲಿ ಓದುತ್ತಾಳೆಂದು ಕೇಳಿ, ತಾನೂ ಪರೀಕ್ಷೆ ಬರೆಯುವೆನೆಂದು ತಾನಾಗಿಯೇ ಎತ್ತಿದ್ದಾಳೆ. ಮಗ ಇನ್ನೂ ಹೂಂ ಎಂದಿಲ್ಲ. ಅವನು ಹಾಕಿದ ಗೆರೆಯನ್ನು ನಾನು ದಾಟಿಲ್ಲ, ಪಾಠ ಹೇಳುತ್ತಿಲ್ಲ. ಸಂಜೆ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮಡಿಸಿ ಕತ್ತರಿಸುವ ಆಟವನ್ನಷ್ಟೇ ಆಡುತ್ತೇವೆ.

ಮೊನ್ನೆ ಅವನು ಅಂಗಡಿಯಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅವಳು ಎರಡು ಮಡಿಕೆ ಮಡಿಸಿ ಒಂದು ತೂತು ಕೊರೆದ ಹಾಳೆಯನ್ನು ಅವನ ಮುಂದೆ ಹಿಡಿದಳು. "ಅಪ್ಪಾ, ಬಿಚ್ಚಿದ್ರ ಎಷ್ಟು ತೂತು ಇರತಾವ ಹೇಳು." ಅವನು ಕ್ಷಣಹೊತ್ತು ನೋಡಿ "ನಾಕು" ಎಂದನು. ಅವಳು ಬಿಚ್ಚಿ ತೋರಿಸಿದಳು, ನಾಲ್ಕೇ ಇದ್ದವು. "ಇದೂ ಆ ಪರೀಕ್ಷಾದಾಗ ಬರತೈತೇನು?" ಎಂದು ನನ್ನ ಕಡೆ ತಿರುಗಿ ಕೇಳಿದನು. ಬರುತ್ತದೆ ಎಂದೆ. ಅವನು ಏನೂ ಮಾತಾಡಲಿಲ್ಲ. ಮಗಳ ಪಕ್ಕದಲ್ಲಿ ಕುಳಿತು ಇನ್ನೊಂದು ಹಾಳೆ ತೆಗೆದುಕೊಂಡು ಮೂರು ಮಡಿಕೆ ಮಡಿಸತೊಡಗಿದನು.